ಕುಸುಬೆಯ ಹೇನು, ಹೂವಿನ ನೊಣ ಮತ್ತು ಶ್ರಾವಕನ ಪಾಲು

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಬಸದಿಯ ಪ್ರಾಂಗಣದಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಪರಸ್ಪರ ಕೈಮುಗಿದು ಕ್ಷಮೆ ಬೇಡುತ್ತಾರೆ. ಮನುಷ್ಯರಲ್ಲಿ ಮಾತ್ರವಲ್ಲ, ಸಮಸ್ತ ಜೀವರಾಶಿಯಲ್ಲಿಯೂ ಕ್ಷಮೆ ಬೇಡುವ ದಿನವದು. ಕೆಲವು ವಾರಗಳಲ್ಲಿಯೇ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತನೆ ಆರಂಭವಾಗುತ್ತದೆ. ಬಿಳಿಜೋಳ, ಕಡಲೆ, ಅವುಗಳ ನಡುವೆ ಸಾಲುಸಾಲಾಗಿ ಅಥವಾ ಹೊಲದ ಅಂಚಿನಲ್ಲಿ ದನಕರುಗಳು ನುಗ್ಗದಂತೆ ಮುಳ್ಳಿನ ಬೇಲಿಯಾಗಿಯೂ ಕುಸುಬೆ. ಕನ್ನಡದ ಮನೆಗಳಲ್ಲಿ ಇದು ಕುಸುಬೆ, ಮರಾಠಿಯ ಮನೆಗಳಲ್ಲಿ ಕರಡಈ. ಒಂದೇ ಗಾಣದಿಂದ ಬಂದ ಎಣ್ಣೆ ಎರಡೂ ಅಡಿಗೆಮನೆಗಳಲ್ಲಿ ಒಗ್ಗರಣೆಯಾಗುತ್ತದೆ.

ಮಾರ್ಗಶಿರ, ಪುಷ್ಯದ ಚಳಿಗೆ ಈ ಕುಸುಬೆಯ ಎಳೆಯ ಕುಡಿಗಳ ಮೇಲೆ ಕಪ್ಪುಬಣ್ಣದ ಸಸ್ಯಹೇನುಗಳು ಮುತ್ತಿಕೊಳ್ಳುತ್ತವೆ. ಮರಾಠಿಯಲ್ಲಿ ಇವನ್ನು ಮಾವಾ ಎನ್ನುತ್ತಾರೆ. ಬಿತ್ತನೆ ತಡವಾದ ವರ್ಷಗಳಲ್ಲಿ ಅವುಗಳ ಕಾಟ ಹೆಚ್ಚು. ಕುಡಿಯ ರಸವನ್ನು ಹೀರಿ ಅವು ವಿಸರ್ಜಿಸುವ ಅಂಟಿನಿಂದ ಎಲೆಗಳು ಮಿರುಗುತ್ತವೆ, ಆ ಅಂಟಿನ ಮೇಲೆ ಕರಿ ಬೂಷ್ಟು ಬೆಳೆಯುತ್ತದೆ, ಗಿಡ ಸೊರಗುತ್ತದೆ. ಕ್ಷಮಾವಣಿಯ ದಿನ ಸಕಲ ಜೀವಿಗಳಲ್ಲಿಯೂ ಕ್ಷಮೆ ಬೇಡಿದ ಶ್ರಾವಕನು ಮೂರು ತಿಂಗಳೊಳಗೆ ಅದೇ ಹೊಲದ ಬದುವಿನ ಮೇಲೆ ನಿಂತು ಯೋಚಿಸಬೇಕಾಗುತ್ತದೆ: ಎಣ್ಣೆ ಹೊಡೆಯಬೇಕೆ, ಬಿಡಬೇಕೆ? ಹೊಲದ ಮಾತಿನಲ್ಲಿ ‘ಎಣ್ಣೆ’ಯೆಂದರೆ ಕೀಟನಾಶಕ. ಹೆಸರು ಸ್ನಿಗ್ಧವಾದರೂ ವಸ್ತು ವಿಷವೇ.

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ಮೂರನೆಯ ಉತ್ತರವೊಂದು ಕೇಳಿಬರುತ್ತಿದೆ. ವಿಷ ಬೇಡ, ಸುಮ್ಮನೆ ಬಿಡುವುದೂ ಬೇಡ. ಹೇನನ್ನು ತಿನ್ನುವ ಜೀವಿಗಳು ಹೊಲದಲ್ಲಿಯೇ ಇವೆ, ಅವನ್ನು ಉಳಿಸಿಕೊಂಡರೆ ಸಾಕು ಎಂಬುದು ಆ ಉತ್ತರ. ಕೆಲವರು ಇದನ್ನು ಅಹಿಂಸಾ ಕೃಷಿಯೆಂದೂ ಕರೆಯುತ್ತಾರೆ. ಆ ಹೆಸರು ಸಲ್ಲುತ್ತದೆಯೇ ಎಂಬುದನ್ನು ವಿಚಾರಿಸುವ ಮೊದಲು ಆ ಜೀವಿಗಳಲ್ಲಿ ಒಂದನ್ನಾದರೂ ಕಣ್ಣಿಟ್ಟು ನೋಡುವುದು ಉಚಿತ.

ಕೊತ್ತಂಬರಿ ಹೂಬಿಟ್ಟ ಮಡಿಯ ಬಳಿ ಬೆಳಗಿನ ಬಿಸಿಲಿನಲ್ಲಿ ನಿಂತರೆ, ಹಳದಿ ಕಪ್ಪು ಪಟ್ಟೆಗಳ ಸಣ್ಣ ಕೀಟವೊಂದು ಗಾಳಿಯಲ್ಲಿ ಅಲುಗಾಡದೆ ನಿಂತಂತೆ ಕಾಣುತ್ತದೆ. ದಾರದಿಂದ ಇಳಿಬಿಟ್ಟ ಮಣಿಯಂತೆ ಒಂದೇ ಬಿಂದುವಿನಲ್ಲಿ ನಿಂತು, ಕ್ಷಣದಲ್ಲಿ ಪಕ್ಕಕ್ಕೆ ಸರಿದು, ಮತ್ತೆ ಹಾಗೆಯೇ ನಿಲ್ಲುತ್ತದೆ. ನೋಡಿದವರು ಜೇನೆಂದೋ ಕಣಜವೆಂದೋ ಕೈ ಬೀಸುತ್ತಾರೆ. ಅದು ಎರಡೂ ಅಲ್ಲ, ನೊಣ. ಕನ್ನಡದಲ್ಲಿ ಇದಕ್ಕೆ ಎಲ್ಲರೂ ಬಲ್ಲ ಒಂದು ಹೆಸರು ನಿಂತಿಲ್ಲ. ಇಂಗ್ಲಿಷಿನಲ್ಲಿ ಹೋವರ್‌ಫ್ಲೈ, ಶಾಸ್ತ್ರಜ್ಞರ ಭಾಷೆಯಲ್ಲಿ ಸಿರ್ಫಿಡೇ ಕುಟುಂಬ. ಇಲ್ಲಿ ಹೂವಿನ ನೊಣವೆಂದು ಕರೆಯೋಣ. ಜಗತ್ತಿನಲ್ಲಿ ಇದುವರೆಗೆ ಗುರುತಿಸಲಾದ ಇದರ ಪ್ರಭೇದಗಳು 6000ಕ್ಕೂ ಹೆಚ್ಚು. ಭಾರತದ ಕುಸುಬೆ, ಸಾಸಿವೆಯ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂಬುದು.

ಜೇನಿಗೆ ನಾಲ್ಕು ರೆಕ್ಕೆಗಳು. ಹೂವಿನ ನೊಣಕ್ಕೆ ಎರಡೇ. ಹಿಂದಿನ ಎರಡು ರೆಕ್ಕೆಗಳ ಸ್ಥಾನದಲ್ಲಿ ಗುಂಡುಸೂಜಿಯ ತಲೆಯಂತಹ ಎರಡು ಸಣ್ಣ ಕಡ್ಡಿಗಳಿವೆ. ರೆಕ್ಕೆಗಳೊಡನೆ ಅವೂ ಅದುರುತ್ತ, ದೇಹ ಯಾವ ಕಡೆಗೆ ವಾಲಿತೆಂಬುದನ್ನು ತಿಳಿಸುತ್ತವೆ. ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುವ ಅದರ ಕೌಶಲಕ್ಕೆ ಇದೇ ಆಧಾರ. ತಲೆಯ ಬಹುಭಾಗವನ್ನು ಕಣ್ಣುಗಳೇ ಆವರಿಸಿವೆ. ಗಂಡಿನಲ್ಲಿ ಅವೆರಡೂ ಸಾಮಾನ್ಯವಾಗಿ ನೆತ್ತಿಯಲ್ಲಿ ಕೂಡಿಕೊಂಡಿರುತ್ತವೆ. ಮೀಸೆಗಳು ತೀರ ಗಿಡ್ಡ. ಮುಖ್ಯವಾಗಿ ಇದಕ್ಕೆ ಕೊಂಡಿಯಿಲ್ಲ, ಯಾರನ್ನೂ ಕುಟುಕಲಾರದು. ಹೂವಿನ ಮಕರಂದ ಇದರ ಆಹಾರ, ಹೆಣ್ಣಿಗೆ ಮೊಟ್ಟೆ ಬಲಿಯಲು ಪರಾಗವೂ ಬೇಕು. ಬೆಳೆದ ನೊಣ ಹೀಗೆ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತ ಬಾಳುತ್ತದೆ. ಯಾರಿಗೂ ಬಾಧೆಯಿಲ್ಲ.

ಈ ನಿರುಪದ್ರವಿಯು ಜೇನಿನ ವೇಷ ಹಾಕಿಕೊಂಡು ಹಕ್ಕಿಗಳನ್ನು ವಂಚಿಸುತ್ತದೆ ಎಂದು ಹೇಳುವುದುಂಟು. 1862ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ನಿಸರ್ಗಶಾಸ್ತ್ರಜ್ಞ ಅಮೆಜಾನಿನ ಚಿಟ್ಟೆಗಳನ್ನು ಕುರಿತು ಬರೆದು, ಅಪಾಯವಿಲ್ಲದ ಜೀವಿ ಅಪಾಯವಿರುವ ಜೀವಿಯನ್ನು ಹೋಲುವುದರಿಂದ ಬದುಕಿಕೊಳ್ಳುತ್ತದೆ ಎಂಬುದನ್ನು ವಿವರಿಸಿದರು. ಹೂವಿನ ನೊಣಗಳೂ ಇದಕ್ಕೆ ಪ್ರಸಿದ್ಧ ನಿದರ್ಶನ. ಹಾಗಾದರೆ ಇದು ಮಾಯಾಚಾರವೇ? ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ತಿರ್ಯಂಚ ಜೀವಿಗಳಲ್ಲಿಯೂ ಉಂಟು ಎಂಬುದು ಸಿದ್ಧಾಂತ. ಆದರೆ ಮೈಯ ಬಣ್ಣ ನಾಮಕರ್ಮದ ಫಲವೇ ಹೊರತು ನೊಣ ಮನಸ್ಸಿಟ್ಟು ಹೂಡಿದ ಸಂಚಲ್ಲ. ಅದಕ್ಕೆ ಮನಸ್ಸೇ ಇಲ್ಲ. ನಾಲ್ಕು ಇಂದ್ರಿಯಗಳ ಅಸಂಜ್ಞಿ ಜೀವವದು. ವಂಚನೆಯೆಂಬ ಮಾತು ಅದರ ಮೈಮೇಲೆ ಬರೆದದ್ದಲ್ಲ, ನೋಡುವವರ ನಾಲಿಗೆಯ ಮೇಲಿನದು. ಅದನ್ನು ಇಲ್ಲಿಗೇ ಬಿಡಬಹುದು.

ಆದರೆ ಆ ಹೋಲಿಕೆಯಿಂದ ಮನುಷ್ಯನು ಮೋಸಹೋದ ಒಂದು ಕಥೆಯಿದೆ. ಅದನ್ನು ಬಿಡುವಂತಿಲ್ಲ. ಪ್ರಾಚೀನ ರೋಮಿನ ಕವಿ ವರ್ಜಿಲ್, ಕ್ರಿ.ಪೂ. 1ನೇ ಶತಮಾನದಲ್ಲಿ ರಚಿಸಿದ ‘ಜಾರ್ಜಿಕ್ಸ್’ ಎಂಬ ಕೃಷಿಕಾವ್ಯದಲ್ಲಿ, ಜೇನುಗೂಡುಗಳು ನಾಶವಾದರೆ ಹೊಸ ಜೇನುಗಳನ್ನು ಪಡೆಯುವ ವಿಧಾನವೊಂದನ್ನು ವರ್ಣಿಸಿದ್ದಾನೆ. ಎರಡು ವರ್ಷದ ಹೋರಿಯನ್ನು ತಂದು, ಅದರ ಮೂಗುಬಾಯಿಗಳನ್ನು ಮುಚ್ಚಿ, ಚರ್ಮ ಒಡೆಯದಂತೆ ಹೊಡೆದು ಕೊಂದು, ಇಕ್ಕಟ್ಟಾದ ಕೋಣೆಯೊಂದರಲ್ಲಿ ಬಿಡಬೇಕು. ಕೆಲವು ದಿನಗಳಲ್ಲಿ ಆ ಕಳೇಬರದಿಂದ ಜೇನುಗಳ ಹಿಂಡು ಏಳುತ್ತದೆ ಎಂಬುದು ನಂಬಿಕೆ. ಈ ನಂಬಿಕೆ ಅವನೊಬ್ಬನದಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಶತಮಾನಗಳವರೆಗೆ ಬಾಳಿತು. 1890ರ ದಶಕದಲ್ಲಿ ಓಸ್ಟೆನ್-ಸಾಕೆನ್ ಎಂಬ ಕೀಟಶಾಸ್ತ್ರಜ್ಞರು ಇದರ ಮೂಲವನ್ನು ಪರಿಶೀಲಿಸಿ, ಕಳೇಬರದಿಂದ ಎದ್ದದ್ದು ಜೇನಲ್ಲ, ಜೇನನ್ನು ಹೋಲುವ ಎರಿಸ್ಟಾಲಿಸ್ ಟೆನಾಕ್ಸ್ ಎಂಬ ಹೂವಿನ ನೊಣ ಎಂದು ತೋರಿಸಿದರು. ಅದರ ಮರಿಹುಳು ಕೊಳೆತ ದ್ರವದಲ್ಲಿ ಬೆಳೆಯುತ್ತದೆ, ಇಲಿಯ ಬಾಲದಂತಹ ಉದ್ದ ಕೊಳವೆಯನ್ನು ಮೇಲಕ್ಕೆ ಚಾಚಿ ಉಸಿರಾಡುತ್ತದೆ.

ಎರಡು ರೆಕ್ಕೆಗಳನ್ನು ನಾಲ್ಕು ರೆಕ್ಕೆಗಳೆಂದು ತಿಳಿದ ಒಂದು ತಪ್ಪಿಗೆ ಹೋರಿಗಳು ಪ್ರಾಣ ತೆತ್ತವು. ಕೊಂದವರು ಕ್ರೂರಿಗಳೆಂದು ತಮ್ಮನ್ನು ತಾವು ಭಾವಿಸಿರಲಾರರು. ಉತ್ತಮ ಕೃಷಿಕರೆಂದೇ ಭಾವಿಸಿದ್ದಾರು. ಸಮ್ಯಕ್ ಚಾರಿತ್ರಕ್ಕಿಂತ ಮೊದಲು ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನಗಳನ್ನು ಇಟ್ಟ ಆಚಾರ್ಯರ ಕ್ರಮ ಇಂತಹ ಕಡೆ ಹೊಲದ ಮಟ್ಟದಲ್ಲಿಯೇ ಅರ್ಥವಾಗುತ್ತದೆ. ಶ್ರಾವಕರ ಮೂಲಗುಣಗಳನ್ನು ಎಣಿಸುವಾಗ ಜೇನುತುಪ್ಪದೊಡನೆ ಅತ್ತಿ, ಆಲ, ಅರಳಿ ಮೊದಲಾದ ಐದು ಹಣ್ಣುಗಳನ್ನೂ ತ್ಯಜಿಸಬೇಕೆಂದು ಹೇಳಿರುವುದುಂಟು. ಅತ್ತಿಯ ಹಣ್ಣನ್ನು ಒಡೆದು ನೋಡದವನಿಗೆ ಆ ನಿಯಮ ಹೊಳೆಯುವಂತಿರಲಿಲ್ಲ. ಒಳಗೆ ಸಣ್ಣ ಕೀಟಗಳಿರುವುದನ್ನು ಯಾರೋ ನೋಡಿದ್ದರು. ನೋಡಿದ ಮೇಲೆ ವ್ರತ ಹುಟ್ಟಿತು.

ಇನ್ನು ಹೂವಿನ ನೊಣದ ಬಾಲ್ಯಕ್ಕೆ ಬರಬೇಕು. ಕಷ್ಟವಿರುವುದು ಅಲ್ಲಿಯೇ. ಹೇನಿಗೆ ವೈರಿಯಾಗುವ ಪ್ರಭೇದಗಳ ಹೆಣ್ಣು, ಹೇನುಗಳಿರುವ ಕುಡಿಯನ್ನು ಹುಡುಕಿ, ಅವುಗಳ ನಡುವೆ ಅಥವಾ ಹತ್ತಿರದಲ್ಲಿ, ಅಕ್ಕಿಯ ನುಚ್ಚಿಗಿಂತ ಚಿಕ್ಕದಾದ ಬಿಳಿಯ ಮೊಟ್ಟೆಯನ್ನು ಒಂದೊಂದಾಗಿ ಇಡುತ್ತದೆ. ಕೆಲವೇ ದಿನಗಳಲ್ಲಿ ಮರಿಹುಳು ಹೊರಬರುತ್ತದೆ. ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ. ತೆಳುವಾದ ಚರ್ಮದ ಒಳಗಿನ ಅಂಗಗಳು ಹೊರಗಿನಿಂದಲೇ ಮಸುಕಾಗಿ ತೋರುತ್ತವೆ. ಎಲೆಯ ಮೇಲೆ ಹಿಂಭಾಗವನ್ನು ಅಂಟಿಸಿಕೊಂಡು, ಮುಂಭಾಗವನ್ನು ಎತ್ತಿ, ಎಡಕ್ಕೂ ಬಲಕ್ಕೂ ತಡವರಿಸುತ್ತದೆ. ಹೇನು ತಾಗಿದೊಡನೆ ಹಿಡಿದು, ಗಾಳಿಗೆತ್ತಿ, ರಸವನ್ನು ಹೀರಿ, ಬರಿಯ ಚರ್ಮವನ್ನು ಬಿಸುಡುತ್ತದೆ. ಬಹುಪಾಲು ಈ ಕೆಲಸ ರಾತ್ರಿಯ ಹೊತ್ತಿನಲ್ಲಿ. ಬೆಳೆದು ಕೋಶವಾಗುವ ಮೊದಲು ಒಂದು ಮರಿಹುಳು ನೂರಾರು ಹೇನುಗಳನ್ನು ತಿನ್ನಬಲ್ಲದು. ಆಮೇಲೆ ನೀರಹನಿಯ ಆಕಾರದ ಕೋಶವಾಗಿ ಎಲೆಗೆ ಅಂಟಿಕೊಂಡು, ಕೆಲವು ದಿನಗಳ ನಂತರ ಪಟ್ಟೆಯ ನೊಣವಾಗಿ ಹೊರಬಂದು ಹೂವಿಗೆ ಹೋಗುತ್ತದೆ. ನೋಟಕ್ಕೆ ಅದು ಮೊದಲು ಕ್ರಿಮಿ, ಆಮೇಲೆ ಭ್ರಮರದ ಬಂಧು. ಆದರೆ ಜಾತಿನಾಮಕರ್ಮ ಒಂದು ಭವದ ನಡುವೆ ಬದಲಾಗದಾದ್ದರಿಂದ ಕಣ್ಣಿಲ್ಲದಂತೆ ತೋರುವ ಆ ಹುಳುವನ್ನೂ ಚತುರಿಂದ್ರಿಯವೆಂದೇ ಎಣಿಸಬೇಕಾದೀತು.

ಇತ್ತ ಹೇನಿನ ಕಥೆಯೂ ಬೆರಗಿನದು. ಗಂಡಿನ ಸಂಪರ್ಕವಿಲ್ಲದೆಯೇ ಅದು ಮೊಟ್ಟೆಯಲ್ಲ, ಮರಿಗಳನ್ನೇ ಈಯುತ್ತದೆ. ಈಯುವ ಮರಿಯ ಒಡಲಿನಲ್ಲಿ ಮುಂದಿನ ಮರಿ ಆಗಲೇ ರೂಪುಗೊಳ್ಳತೊಡಗಿರುತ್ತದೆ. ಹೇನು ತಡೆಯಿಲ್ಲದೆ ಹೆಚ್ಚಿದರೆ ಕುಸುಬೆ ಉಳಿಯದು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಹತ್ತು ವರ್ಷಗಳ ರೇಡಾರ್ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆ ಒಂದು ಸೀಮೆಯ ಮೇಲೆಯೇ ಪ್ರತಿವರ್ಷ ನೂರು ಕೋಟಿಯಿಂದ ನಾನೂರು ಕೋಟಿ ಹೂವಿನ ನೊಣಗಳು ವಲಸೆ ಹಾರುತ್ತವೆ. ಅವುಗಳ ಮರಿಗಳು ತಿನ್ನುವ ಹೇನುಗಳ ಲೆಕ್ಕ ಲಕ್ಷ ಕೋಟಿಗಳಲ್ಲಿ. ಯಾವ ರೈತನೂ ಕೂಲಿ ಕೊಡದೆ, ಯಾರ ಅಪ್ಪಣೆಯೂ ಇಲ್ಲದೆ ನಡೆಯುವ ವ್ಯಾಪಾರವಿದು.

ಈಗ ಪ್ರಶ್ನೆ ಶ್ರಾವಕನ ಮುಂದೆ ನಿಲ್ಲುತ್ತದೆ. ಹೇನೂ ತ್ರಸಜೀವ, ಹೂವಿನ ನೊಣವೂ ತ್ರಸಜೀವ. ಒಂದು ಇನ್ನೊಂದನ್ನು ತಿನ್ನುವುದನ್ನು ಕಂಡವನ ಕರ್ತವ್ಯವೇನು? ಒಂದು ಹುಳುವನ್ನು ತೆಗೆದುಹಾಕಿದರೆ ನೂರಾರು ಹೇನುಗಳು ಉಳಿಯುತ್ತವೆಯಲ್ಲ ಎಂಬ ಲೆಕ್ಕ ಕರುಣೆಯ ಲೆಕ್ಕದಂತೆಯೇ ತೋರುತ್ತದೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಈ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ತಳ್ಳಿಹಾಕಿದ್ದಾರೆ. ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಬಹುಜೀವಿಗಳ ರಕ್ಷಣೆಯಾಗುತ್ತದೆ ಎಂದು ಭಾವಿಸಿ ಅದನ್ನು ಕೊಲ್ಲಬಾರದೆಂಬುದು ಅವರ ನಿರ್ಣಯ. ಮನುಷ್ಯನು ಜೀವಿಗಳ ನಡುವೆ ನ್ಯಾಯಾಧೀಶನ ಪೀಠವನ್ನು ಏರುವಂತಿಲ್ಲ. ಆದ್ದರಿಂದ ಹುಳುವನ್ನು ಮುಟ್ಟುವಂತಿಲ್ಲ. ಇಷ್ಟು ಸ್ಪಷ್ಟ.

ಅಸ್ಪಷ್ಟವಾದದ್ದು ಇದರ ಮಗ್ಗುಲಿನದು. ಹುಳು ಇರಲಿ ಎಂದು ಬಿಡುವುದು ಒಂದು. ಹುಳು ಬರಲಿ ಎಂದು ಕೊತ್ತಂಬರಿ ಬಿತ್ತುವುದು ಇನ್ನೊಂದು. ಬಿತ್ತುವಾಗ ರೈತನ ಮನಸ್ಸಿನಲ್ಲಿ ಇರುವುದೇನು? ನೊಣಕ್ಕೆ ಮಕರಂದ ಸಿಗಲಿ ಎಂಬ ಭಾವವೇ, ಹೇನು ಸಾಯಲಿ ಎಂಬ ಭಾವವೇ? ಕನ್ನಡದ ಜೈನ ಮನೆಗಳಲ್ಲಿ ಬೆಳೆದವರಿಗೆ ಇಲ್ಲಿ ಯಶೋಧರನ ಕಥೆ ನೆನಪಾಗದಿರದು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ಕೊಂದದ್ದು ಜೀವವುಳ್ಳ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ತಾಯಿಯ ಒತ್ತಾಯಕ್ಕೆ ಒಲ್ಲದ ಮನಸ್ಸಿನಿಂದಲೇ ಒಪ್ಪಿದ್ದ. ಆದರೂ ಬಲಿಯೆಂಬ ಸಂಕಲ್ಪ ಅಲ್ಲಿತ್ತು. ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತಿರ್ಯಂಚರಾಗಿ ಬಳಲಿದರು. ಅಲ್ಲಿ ಕೈಯಿತ್ತು, ಸಂಕಲ್ಪವಿತ್ತು, ಕತ್ತರಿಸಿದ್ದು ಮಾತ್ರ ಹಿಟ್ಟು. ಕೊತ್ತಂಬರಿಯ ಮಡಿಯಲ್ಲಿ ಇದಕ್ಕೆ ತಿರುವು. ಪ್ರಾಣಗಳು ನಿಜವಾಗಿಯೂ ಹೋಗುತ್ತವೆ, ಆದರೆ ರೈತನ ಕೈ ಅಲ್ಲಿಲ್ಲ. ಕೈಯಿಲ್ಲವೆಂದ ಮಾತ್ರಕ್ಕೆ ಪಾಲೂ ಇಲ್ಲವೆನ್ನಲಾದೀತೆ?

ಆಸ್ರವದ ಬಾಗಿಲುಗಳನ್ನು ಆಚಾರ್ಯರು ಬಹಳ ಸೂಕ್ಷ್ಮವಾಗಿ ಎಣಿಸಿದ್ದಾರೆ. ಸಂಕಲ್ಪಿಸುವುದು, ಸಾಧನ ಕೂಡಿಸುವುದು, ಆರಂಭಿಸುವುದು ಎಂಬ ಮೂರು, ಮನಸ್ಸು, ಮಾತು, ಕಾಯ ಎಂಬ ಮೂರು, ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವುದುಂಟು. ಪರ್ವದ ದಿನಗಳಲ್ಲಿ ಉಪವಾಸದ ವ್ರತ ಹಿಡಿದು ತಾನು ಹೊಲಕ್ಕೆ ಹೋಗದೆ, ಆದರೆ ಅದೇ ದಿನ ಕೂಲಿಯಾಳಿನ ಕೈಯಲ್ಲಿ ಎಣ್ಣೆ ಹೊಡೆಸುವ ಯಜಮಾನನು ಈ ಮಣಿಗಳಲ್ಲಿ ಯಾವುದನ್ನು ದಾಟಿ ಹೋದ? ಅವನ ಕೈ ಶುದ್ಧ, ‘ಮಾಡಿಸುವುದು’ ಎಂಬ ಮಣಿ ಅವನದೇ. ವಿಷದ ನೀರು ಮೈಮೇಲೆ ಸಿಡಿಯುವುದು ಮಾತ್ರ ಆ ಕೂಲಿಯಾಳಿನದು. ಇಂತಹ ಅಹಿಂಸೆಗಿಂತ ತಾನೇ ಹೊಲಕ್ಕಿಳಿದು, ಆದದ್ದನ್ನು ಕಂಡು, ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನು ಹೇಳಿಕೊಳ್ಳುವ ರೈತನ ಹಿಂಸೆಯೇ ಮೇಲೆಂದು ತೋರಿದರೆ ಆಶ್ಚರ್ಯವಿಲ್ಲ.

ಇದೇ ಅಳತೆಯಿಂದ ಇನ್ನೊಂದು ರೂಢಿಯನ್ನೂ ನೋಡಬೇಕು. ಪರಭಕ್ಷಕ, ಪರಾವಲಂಬಿ ಕೀಟಗಳನ್ನು ಪ್ರಯೋಗಾಲಯಗಳಲ್ಲಿ ಸಾಕಿ ರೈತರಿಗೆ ಮಾರುವುದುಂಟು. ಟ್ರೈಕೋಗ್ರಾಮಾ ಕಾರ್ಡ್ ಎಂದು ಅಂಗಡಿಯಲ್ಲಿ ಕೇಳಿಸಿಕೊಳ್ಳುವ ಕಾಗದದ ಪಟ್ಟಿಗಳು ಇವೇ. ಅವುಗಳ ಮೇಲೆ ಅಂಟಿಸಿರುವುದು ಅಕ್ಕಿಯ ಪತಂಗದ ಮೊಟ್ಟೆಗಳು. ಅದಕ್ಕಾಗಿಯೇ ಪತಂಗಗಳನ್ನು ರಾಶಿರಾಶಿಯಾಗಿ ಬೆಳೆಸಿ, ಮೊಟ್ಟೆಯೊಳಗಿನ ಜೀವವನ್ನು ನೇರಳಾತೀತ ಕಿರಣಗಳಿಂದ ಕೊಂದು, ಆ ಮೊಟ್ಟೆಗಳ ಒಳಗೆ ಸಣ್ಣ ಕಣಜ ಬೆಳೆಯುವಂತೆ ಮಾಡಲಾಗುತ್ತದೆ. ವಿಷದ ಮಾಲಿನ್ಯವಿಲ್ಲ, ನಿಜ. ಆದರೆ ಇಲ್ಲಿ ಕೊಲ್ಲುವುದಕ್ಕಾಗಿ ಹುಟ್ಟಿಸುವುದು, ಕೊಲ್ಲುವುದಕ್ಕಾಗಿ ಕಳುಹಿಸುವುದು ಎಂಬೆರಡೂ ಸ್ಪಷ್ಟವಾಗಿವೆ. ಬದುವಿನ ಮೇಲೆ ಕೊತ್ತಂಬರಿ ಹೂಬಿಡಲು ಬಿಡುವುದಕ್ಕೂ ಇದಕ್ಕೂ ಇರುವ ಅಂತರವನ್ನು ‘ಸಾವಯವ’ ಎಂಬ ಒಂದೇ ಚೀಟಿ ಮುಚ್ಚಿಹಾಕುತ್ತದೆ.

ಗೃಹಸ್ಥನು ಮುನಿಯಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಲೋಕಕ್ಕೆ ತೋರಿದವನು ಆದಿತೀರ್ಥಂಕರ ವೃಷಭನಾಥನೇ. ಕೃಷಿಯಲ್ಲಿ ಹಿಂಸೆಯಿಲ್ಲವೆಂದು ಪರಂಪರೆ ಎಂದೂ ಹೇಳಲಿಲ್ಲ. ನೇಗಿಲ ಸಾಲಿನಲ್ಲಿಯೂ ಜೀವಹಾನಿಯಿದೆ. ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ. ಉದ್ಯೋಗೀ ಹಿಂಸೆಯನ್ನು ಯತ್ನಾಚಾರದಿಂದ ಕುಗ್ಗಿಸಬೇಕು ಎಂಬುದು ಅವನಿಗೆ ಹಾಕಿಕೊಟ್ಟ ಗೆರೆ. ಈ ಗೆರೆಯ ಮೇಲಿಟ್ಟು ನೋಡಿದರೆ, ಸಕಾಲಕ್ಕೆ ಬಿತ್ತಿ ಹೇನಿನ ಕಾಟವನ್ನೇ ತಪ್ಪಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಅಲ್ಲಿ ಯಾವ ಜೀವಿಯ ಸಾವನ್ನೂ ಬಯಸಬೇಕಾಗಿಲ್ಲ. ಹೇನು ಬಂದ ಮೇಲೆ ಎಣ್ಣೆ ಹೊಡೆದರೆ ಹೇನಿನೊಡನೆ ಹೂವಿನ ನೊಣದ ಮರಿ, ಗುಲಗಂಜಿ ಹುಳು, ಹೂವಿಗೆ ಬಂದ ಜೇನು ಎಲ್ಲವೂ ಸಾಯುವ ಸಂಭವವಿದೆ; ತಿನ್ನುವವರು ಇಲ್ಲವಾದಲ್ಲಿ ಹೇನೇ ಮೊದಲು ಮರಳಿ ಹೆಚ್ಚುತ್ತದೆ, ಮತ್ತೆ ಎಣ್ಣೆ ಹೊಡೆಯಬೇಕಾಗುತ್ತದೆ. ನೊಣಗಳನ್ನು ಉಳಿಸಿಕೊಂಡ ಹೊಲದಲ್ಲಿ ಹಿಂಸೆ ನಿಸ್ಸಂದೇಹವಾಗಿ ಕಡಿಮೆ.

ಆದರೆ ಕಡಿಮೆ ಹಿಂಸೆಗೆ ಅಹಿಂಸೆಯೆಂದು ಹೆಸರಿಡುವುದು ಬೇರೆ ಮಾತು. ಅಲ್ಲಿ ಹಿಂಸೆಯೊಡನೆ ಅಸತ್ಯವೂ ಸೇರುತ್ತದೆ. ಹಾಗೆ ಹೆಸರಿಟ್ಟವನು ಕುಡಿಯ ಮೇಲಿನ ಕಪ್ಪು ಚುಕ್ಕೆಗಳು ದಿನದಿನಕ್ಕೆ ಬರಿಯ ಸಿಪ್ಪೆಗಳಾಗುವುದನ್ನು ಕಂಡು ಹಿಗ್ಗಿದರೆ, ಆ ಹಿಗ್ಗಿಗೆ ಅನುಮೋದನೆಯೆಂಬ ಹೆಸರು ಆಗಲೇ ಸಿದ್ಧವಾಗಿದೆ. ಹಿಗ್ಗದಿರುವುದು ಸಾಧ್ಯವೇ ಎಂದು ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವರ್ಷದ ಎಣ್ಣೆ, ಮಗಳ ಕಾಲೇಜಿನ ಶುಲ್ಕ, ಸೊಸೈಟಿಯ ಸಾಲ ಎಲ್ಲವೂ ಆ ಕುಡಿಗಳನ್ನು ನಂಬಿಕೊಂಡಿರುವಾಗ ಮನಸ್ಸು ಸಮನಾಗಿ ನಿಲ್ಲುವುದು ಸುಲಭವಲ್ಲ. ಮುನಿಗೂ ಸುಲಭವಲ್ಲದ ಸಮತೆಯನ್ನು ಅವನಿಂದ ಬಯಸಬೇಕಾಗಿಲ್ಲ. ತನ್ನ ಬೆಳೆ ಯಾವ ಜೀವಗಳ ಸಾವಿನಿಂದ ಉಳಿಯಿತೆಂಬುದನ್ನು ಅವನು ಬಲ್ಲವನಾಗಿರಲಿ ಎಂದಷ್ಟೇ ಬಯಸಬಹುದು.

ಪುಷ್ಯದ ಒಂದು ಮುಂಜಾನೆ ಸಾಮಾಯಿಕ ಮುಗಿಸಿ ಹೊಲಕ್ಕೆ ಹೋದವರು ಬಿಸಿಲೇರುವ ಮೊದಲೇ ಕುಸುಬೆಯ ಕುಡಿಯನ್ನು ಮುಳ್ಳು ತಾಗದಂತೆ ಮೆಲ್ಲನೆ ಬಾಗಿಸಿ ನೋಡಬಹುದು. ಹೇನುಗಳ ಗುಂಪಿನ ಅಂಚಿನಲ್ಲಿ, ಎಲೆಯ ಮಡಿಕೆಯೊಳಗೆ, ಮಸುಕು ಹಸಿರಿನ ಕಾಲಿಲ್ಲದ ಹುಳು ಇರುತ್ತದೆ. ಇಲ್ಲವೇ ಕಂದುಬಣ್ಣದ ಹನಿಯಂತಹ ಕೋಶ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಒಳ್ಳೆಯದು, ಅವರ ಕಣ್ಣು ಚುರುಕು. ಹೊತ್ತೇರಿದ ಮೇಲೆ ಕೊತ್ತಂಬರಿಯ ಮಡಿಯ ಬಳಿ ನಿಂತು ರೆಕ್ಕೆ ಎರಡೋ ನಾಲ್ಕೋ ಎಂದು ಅವರಿಂದಲೇ ಎಣಿಸಬಹುದು. ಹೂವಿನ ಮೇಲೆ ಕುಳಿತ ನೊಣವು ನೆರಳು ಬೀಳದಷ್ಟು ದೂರದಲ್ಲಿ ನಿಂತವರಿಗೆ ಎಣಿಸುವಷ್ಟು ಹೊತ್ತು ಸಾಮಾನ್ಯವಾಗಿ ಕೊಡುತ್ತದೆ.